ತೊಳೆದ ಹೋಳು

ಉಪ್ಪಿನಕಾಯಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಹೆಂಗಸನ್ನು ಲಕ್ಷ್ಮವ್ವ ತನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಕಂಡದ್ದು ಅದೇ ಮೊದಲು. ಮುಂಬೈಯ ಬೊರಿವಲಿಯ ಏಳು ಮಾಳಿಗೆಯ ಬಿಲ್ಡಿಂಗು, ನಾಲ್ಕನೇ ಮಾಳಿಗೆ, ಎದುರುಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಲಾವಣ್ಯಾ ಎಂಬ ಇಪ್ಪತ್ತೇಳರ ಹುಡುಗಿ ಮಾವಿನಕಾಯಿ ಉಪ್ಪಿನಕಾಯಿಯ ಹೋಳುಗಳನ್ನು ಜರಡಿಗೆ ಸುರಿದು ಮೇಲಿಂದ ಧಾರಾಳವಾಗಿ ನೀರು ಬಿಟ್ಟಿದ್ದಳು. ಖಾರ, ಸಾಸಿವೆ, ಎಣ್ಣೆ, ಎಲ್ಲ ಕೆಂಪಗೆ ಹರಿದು ಮೋರಿಯ ಪಾಲಾಗುತ್ತಿತ್ತು. ಅದನ್ನಾದರೂ ಹೇಗೋ ಸಹಿಸಿಕೊಳ್ಳುತ್ತಿದ್ದಳೇನೋ. ಸಹಿಸಲಾಗದ್ದು ಇನ್ನೊಂದಿತ್ತು: ಆ ತೊಳೆದ ಹೋಳಿಗಾಗಿ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮೊಣಕಾಲ ಮೇಲೆ ಎರಡೂ ಕೈಯಿಟ್ಟು, ಕಾದು ಕೂತಿದ್ದವನು ಅವಳ ಗಂಡ ಗುರಲಿಂಗಪ್ಪ.

ಲಕ್ಷ್ಮವ್ವನ ಹೊಟ್ಟೆ ಎಷ್ಟು ಉರಿಯಿತು ಎಂದು ತಿಳಿಯಬೇಕಾದರೆ ಮೊದಲು ಅವಳ ಉಪ್ಪಿನಕಾಯಿಯ ಸಂಗತಿ ಗೊತ್ತಿರಬೇಕು. ಇಂಡಿ ತಾಲೂಕಿನ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಗಂಡನ ಹಿಂದೆ ಮುಂಬೈಗೆ ಬಂದಾಗ ಅವಳ ಟ್ರಂಕಿನಲ್ಲಿ ಇದ್ದದ್ದು ನಾಲ್ಕು ಸೀರೆ ಮತ್ತು ಅವ್ವ ಕೊಟ್ಟ ಒಂದು ಪಿಂಗಾಣಿ ಭರಣಿ. ಗಂಡ ಪರೇಲಿನ ಒಂದು ಆಫೀಸಿನಲ್ಲಿ ಲಿಫ್ಟ್‌ಮನ್. ಸಾಲುಕೋಣೆಗಳ ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ. ಆಗ ಅಕ್ಕಪಕ್ಕದವರೆಲ್ಲ ನಕ್ಕಿದ್ದರು, ಮುಂಬೈಯಲ್ಲಿ ಮನೆಯಲ್ಲಿ ಹಾಕಿದ ಉಪ್ಪಿನಕಾಯಿ ನಿಲ್ಲುವುದಿಲ್ಲ ಎಂದು. ನಿಜವೇ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಬರುವ ಊರು ಅದು. ಆದರೆ ಲಕ್ಷ್ಮವ್ವನ ಭರಣಿಯಲ್ಲಿ ಮೊದಲ ಮಳೆಗಾಲದಲ್ಲೂ ಬೂಷ್ಟು ಬರಲಿಲ್ಲ, ಆಮೇಲೆ ಯಾವ ಮಳೆಗಾಲದಲ್ಲೂ ಬರಲಿಲ್ಲ.

ಗುಟ್ಟು ಬಹಳ ದೊಡ್ಡದೇನಲ್ಲ. ಅವಳು ಆ ಭರಣಿಗೆ ನೀರಿನ ಸುಳಿವೇ ಹತ್ತಗೊಡುತ್ತಿರಲಿಲ್ಲ. ಕಾಯಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಾಕಿ, ಮತ್ತೊಮ್ಮೆ ಒರೆಸುತ್ತಿದ್ದಳು. ಇಳಿಗೆಮಣೆ, ಉಪ್ಪು, ಸೌಟು, ಕೊನೆಗೆ ತನ್ನ ಬಳೆ ಕೂಡ ಒಣಗಿರಬೇಕು. ಕಲಸುವ ದಿನ ಸ್ನಾನ ಮಾಡಿ ಕೂದಲು ಪೂರ್ತಿ ಆರುವವರೆಗೆ ಭರಣಿಯ ಹತ್ತಿರ ಸುಳಿಯುತ್ತಿರಲಿಲ್ಲ. ಮಗಳು ಶಿವಕುಮಾರಿ ಎಂಟು ವರ್ಷದವಳಿದ್ದಾಗ ಒದ್ದೆ ಚಮಚ ಹಾಕಲು ಹೋಗಿ ತಿಂದ ಏಟನ್ನು, ಥಾಣೆ ಪಟ್ಟಣದಲ್ಲಿ ಸಂಸಾರ ಹೂಡಿರುವ ಈಗಲೂ, ಗಂಡನ ಮನೆಯವರ ಮುಂದೆ ಹೇಳಿಕೊಂಡು ನಗುತ್ತಾಳೆ. ಚಾಳಿನಲ್ಲಿ ಯಾರು ಉಪ್ಪಿನಕಾಯಿ ಹಾಕಿದರೂ ಕಲಸುವುದಕ್ಕೆ ಲಕ್ಷ್ಮವ್ವನ ಕೈಯೇ ಬೇಕಾಗಿತ್ತು. ಕರೆಯಲು ಬಂದವರ ಮುಂದೆ ಅವಳು ಮೊದಲು ಸ್ವಲ್ಪ ಬಿಗುಮಾನ ಮಾಡಿಯೇ ಹೋಗುತ್ತಿದ್ದಳು, ಅದನ್ನೂ ಹೇಳಿಬಿಡಬೇಕು.

ಗಂಡ ಮಾತ್ರ ಬಾಯಿಬಿಟ್ಟು ಹೊಗಳಿದವನಲ್ಲ. ಡಬ್ಬಿಯ ಮೂಲೆಯಲ್ಲಿ ಇಟ್ಟ ಉಪ್ಪಿನಕಾಯಿ ಸಂಜೆ ವಾಪಸು ಬರುವಾಗ ಒರೆಸಿದ ಹಾಗೆ ಖಾಲಿಯಾಗಿರುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ಚಾಳು ಬಿಟ್ಟು ಬೊರಿವಲಿಗೆ ಬಂದು, ನಿವೃತ್ತನಾದ ಮೇಲೆ ಸಂಜೆ ಐದಕ್ಕೆ ಅವನಿಗೆ ಒಂದು ತಟ್ಟೆ ಬಿಸಿ ಭಜಿ, ಪಕ್ಕದಲ್ಲಿ ಎರಡು ಹೋಳು ಉಪ್ಪಿನಕಾಯಿ. ಇಬ್ಬರೂ ಕಿಟಕಿಯ ಹತ್ತಿರ ಕೂತು ಅದನ್ನು ಮುಗಿಸುವ ಅರ್ಧ ಗಂಟೆಯಲ್ಲಿ ಮಾತು ಹೆಚ್ಚಿರುತ್ತಿರಲಿಲ್ಲ, ಆದರೆ ಲಕ್ಷ್ಮವ್ವನ ಇಡೀ ದಿನ ಆ ಅರ್ಧ ಗಂಟೆಯ ಕಡೆಗೇ ನಡೆಯುತ್ತಿತ್ತು.

ಹೋದ ದೀಪಾವಳಿಯ ಮರುವಾರ ಗುರಲಿಂಗಪ್ಪನ ಎದೆ ಹಿಡಿದುಕೊಂಡಿತು. ಪರೇಲಿನ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿ ಕಳಿಸಿದರು. ಕರಿದದ್ದು ಬಂದ್, ಉಪ್ಪು ಕಡಿಮೆ ಎಂದರು. ಲಕ್ಷ್ಮವ್ವ ಅಕ್ಷರ ಬಿಡದೆ ಪಾಲಿಸಿದಳು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಏರಿಸಿಬಿಟ್ಟಳು. ಗಂಡ ಒಮ್ಮೆಯಾದರೂ ಕೇಳಿಯಾನು, ಕೇಳಿದರೆ ಬೈದೇನು ಎಂದು ಕಾದಳು. ಅವನು ಕೇಳಲೇ ಇಲ್ಲ. ಐದು ಗಂಟೆಗೆ ಕಿಟಕಿಯ ಹತ್ತಿರ ಕೂತು ಚುರುಮುರಿ ಅಗಿಯುತ್ತ, ಕೆಳಗಿನ ರಸ್ತೆ ನೋಡುತ್ತಿದ್ದ.

ಎದುರುಮನೆಗೆ ಲಾವಣ್ಯಾ ಬಂದದ್ದು ಆಗ. ಅವಳ ಗಂಡ ನವೀನನ ಹಿರಿಯರು ಕಲಬುರ್ಗಿ ಕಡೆಯವರು. ಹುಡುಗ ಬೆಳಿಗ್ಗೆ ಏಳರ ಲೋಕಲ್ ಹಿಡಿದು ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. ಲಾವಣ್ಯಾ ಹುಟ್ಟಿ ಬೆಳೆದದ್ದೆಲ್ಲ ಮುಂಬೈ. ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಕೆಲಸ, ನಾಲ್ಕಕ್ಕೆ ಮುಕ್ತಾಯ. ಕನ್ನಡ ತಿಳಿಯುತ್ತಿತ್ತು, ಆಡಲು ಹೋದರೆ ಅರ್ಧದಲ್ಲಿ ಹಿಂದಿಗೆ ಜಾರುತ್ತಿದ್ದಳು. ಅವಳ ಅಡಿಗೆಕಟ್ಟೆಯ ಮೇಲೆ ಒಂದು ಕರಿ ಏರ್ ಫ್ರೈಯರ್ ಇತ್ತು. ಒಳಗೆ ಬಿಸಿಗಾಳಿ ಸುತ್ತುತ್ತದೆ, ಎಣ್ಣೆ ಬೇಡ, ಕರಿದ ಹಾಗೆ ಗರಿಗರಿ ಆಗುತ್ತದೆ. ಫೋನಿನಲ್ಲಿ ಯಾರೋ ವಿದೇಶದವರು ಉಪ್ಪುನೀರಿನ ಸೌತೆಕಾಯಿಯನ್ನು ಹಾಗೆ ಮಾಡಿದ್ದು ನೋಡಿ, ಇವಳು ಅಂಗಡಿಯ ಮಾವಿನಕಾಯಿ ಉಪ್ಪಿನಕಾಯಿಯಲ್ಲಿ ಪ್ರಯೋಗ ನಡೆಸಿದಳು. ತೊಳೆದು, ಮೂರು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಮಷಿನ್‌ನಲ್ಲಿಟ್ಟಳು. ಎದುರುಮನೆಯ ಕಾಕಾನಿಗೆ ಎದೆನೋವು ಎಂದು ಗೊತ್ತಿತ್ತಲ್ಲ, ಒಂದು ಸ್ಟೀಲ್ ಬಟ್ಟಲಿನಲ್ಲಿ ಹಾಕಿಕೊಂಡು ಬಂದು ಕೊಟ್ಟಳು.

ಗುರಲಿಂಗಪ್ಪ ಒಂದು ತಿಂದ, ಕಣ್ಣು ಮುಚ್ಚಿ ಇನ್ನೊಂದು ತಿಂದ. ಮೂರು ತಿಂಗಳಿಂದ ಚಪ್ಪೆಯಾಗಿದ್ದ ಅವನ ಮುಖದಲ್ಲಿ ಜೀವ ಬಂದದ್ದನ್ನು ಲಕ್ಷ್ಮವ್ವ ಸ್ವಂತ ಕಣ್ಣಿನಿಂದ ನೋಡಿದಳು. ನೋಡಿ ಸಂತೋಷಪಡಬೇಕಾಗಿತ್ತು, ಹೌದು. ಅವಳಿಗೆ ಕೆಂಡ ನುಂಗಿದ ಹಾಗಾಯಿತು.

ನಮ್ಮ ಕಡೆ ಯಾರ ಮನೆಯ ಬಟ್ಟಲನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಬೆಲ್ಲದ ಚೂರು, ನಾಲ್ಕು ಕಾಳು ಸಕ್ಕರೆ, ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿ ಹಾಕಿಯಾದರೂ ಕೊಡುತ್ತಾರೆ. ಲಕ್ಷ್ಮವ್ವ ಹುಟ್ಟಿದಾಗಿನಿಂದ ಹಾಗೇ ಮಾಡಿಕೊಂಡು ಬಂದವಳು. ಅವತ್ತು ಆ ಬಟ್ಟಲನ್ನು ಗಸಗಸ ತಿಕ್ಕಿ, ಒರೆಸಿ, ಬರಿದಾಗಿಯೇ ಗಂಡನ ಮುಂದೆ ಇಟ್ಟು, ಕೊಟ್ಟು ಬರ್ರಿ ಎಂದಳು. ಗುರಲಿಂಗಪ್ಪ ಬಟ್ಟಲನ್ನು ನೋಡಿದ, ಹೆಂಡತಿಯನ್ನು ನೋಡಿದ, ನೀರು ಕುಡಿದು ಹೋಗುತ್ತೇನೆಂದು ಬಟ್ಟಲು ಹಿಡಿದುಕೊಂಡೇ ಅಡಿಗೆಮನೆಗೆ ಹೋದ. ಆಮೇಲೆ ಎದುರುಮನೆಗೆ ಹೋಗಿ ಕೊಟ್ಟು ಬಂದ. ಲಕ್ಷ್ಮವ್ವ ಅಡಿಗೆಮನೆಗೆ ಹೋದಾಗ ಡಬ್ಬಿಯೊಂದರ ಮುಚ್ಚಳ ಸರಿದಿತ್ತು. ಇರುವೆ ಹತ್ತುತ್ತವೆ ಎಂದು ಗೊಣಗಿಕೊಂಡು ಗಟ್ಟಿಯಾಗಿ ಮುಚ್ಚಿದಳು.

ಅಂದಿನಿಂದ ದಿನಾ ಐದಕ್ಕೆ ಅವನು ಚಪ್ಪಲಿ ಮೆಟ್ಟಿಕೊಂಡು ಎದುರುಮನೆಗೆ. ನಾಲ್ಕು ಹೆಜ್ಜೆಯ ದಾರಿಗೆ ಚಪ್ಪಲಿ ಬೇರೆ! ಲಕ್ಷ್ಮವ್ವ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನಿಲ್ಲುತ್ತಿದ್ದಳು. ಒಂದು, ಎರಡು, ಮೂರು. ಅವನು ದಿನಕ್ಕೆ ಆರು ಹೋಳು ತಿನ್ನುತ್ತಿದ್ದ. ಆರು ಸಲ ಅವಳ ಹೊಟ್ಟೆಯಲ್ಲಿ ಒಲೆ ಹತ್ತುತ್ತಿತ್ತು. ಮನೆಯಲ್ಲಿ ಹೂಂ, ಊಹೂಂ ಎನ್ನುವ ಮನುಷ್ಯ ಅಲ್ಲಿ ಕಥೆ ಹೇಳುತ್ತಿದ್ದ. ಲಿಫ್ಟಿನಲ್ಲಿ ಸಿಕ್ಕಿಬಿದ್ದ ಸಾಹೇಬರ ಕಥೆ, ಊರಿನ ಎಮ್ಮೆಯ ಕಥೆ. ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು. ಆ ಕಥೆಗಳನ್ನೆಲ್ಲ ಲಕ್ಷ್ಮವ್ವ ಮೂವತ್ತು ವರ್ಷದ ಹಿಂದೆಯೇ ಕೇಳಿ ಮುಗಿಸಿದ್ದಳು, ಆದರೂ ಅವು ತನ್ನ ಸ್ವತ್ತು ಎಂದು ಅವಳಿಗೆ ಅನಿಸಿತು.

ಬಿಲ್ಡಿಂಗಿನ ಹೆಂಗಸರಲ್ಲೂ ಅದೇ ಮಾತು. ಐದನೇ ಮಾಳಿಗೆಯ ನಾಗರತ್ನಾ ಲಿಫ್ಟಿನಲ್ಲಿ ಸಿಕ್ಕವಳು, ಲಾವಣ್ಯಾಳ ಹೋಳು ತಿಂದೆ, ಎಣ್ಣೆಯ ಜಿಡ್ಡಿಲ್ಲ, ಎದೆ ಉರಿಯಿಲ್ಲ ಎಂದು ಹಾಡಿ ಹೊಗಳಿದಳು. ಇದೇ ನಾಗರತ್ನಾ ಪ್ರತಿ ಬೇಸಿಗೆಯಲ್ಲಿ ಲಕ್ಷ್ಮವ್ವನ ಕೈ ಹಿಡಿದು ಕಲಸಲು ಎಳೆದುಕೊಂಡು ಹೋಗುವವಳು. ಲಕ್ಷ್ಮವ್ವ ಮೂಗು ಮುರಿದು, ಮಷಿನ್‌ನ ಗಾಳಿ ಹೊಟ್ಟೆಗೆ ಸೇರಿದರೆ ವಾಯು ಆಗುತ್ತದಂತೆ ಎಂದು ಸುದ್ದಿ ಬಿಟ್ಟು ನೋಡಿದಳು. ಯಾರೂ ನಂಬಲಿಲ್ಲ.

ಇನ್ನು ಡಾಕ್ಟರು ಬೈಯುವುದೊಂದೇ ಅವಳಿಗೆ ಉಳಿದ ಆಸೆ. ತಪಾಸಣೆಗೆ ಪರೇಲಿಗೆ ಹೋದ ದಿನ ಲೋಕಲ್‌ನಲ್ಲಿ ಕೂತು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು: ದೇವರೇ, ಬಿಪಿ ಒಂಚೂರು, ಒಂದೇ ಒಂಚೂರು ಏರಿರಲಿ. ಬೇಡಿಕೊಂಡ ಮೇಲೆ ಗಾಬರಿಯಾಗಿ ಗಲ್ಲ ಬಡಿದುಕೊಂಡಳು. ಡಾಕ್ಟರು ನೋಡಿ, ಬಿಪಿ ಇಳಿದಿದೆ, ತೂಕವೂ ಇಳಿದಿದೆ ಎಂದರು. ಗುರಲಿಂಗಪ್ಪ ಉಬ್ಬಿ ತೊಳೆದ ಹೋಳಿನ ಕಥೆ ಹೇಳಿದ. ಕರಿದ ಭಜಿಗಿಂತ ಎಷ್ಟೋ ವಾಸಿ, ಆದರೆ ಚೆನ್ನಾಗಿ ಉಪ್ಪು ಬಿಡಿಸಿ, ನಾಲ್ಕಾರಕ್ಕಿಂತ ಹೆಚ್ಚು ಬೇಡ ಎಂದರು ಡಾಕ್ಟರು. ಗಂಡನ ಬಿಪಿ ಇಳಿದ ಸುದ್ದಿಗೆ ಹಲ್ಲು ಕಡಿದ ಹೆಂಗಸು ಆ ದಿನ ಆ ಆಸ್ಪತ್ರೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಮರುದಿನವೇ ಅವಳು ಮಗಳಿಗೆ ಫೋನ್ ಮಾಡಿದಳು. ಶಿವಕುಮಾರಿಯ ಆಫೀಸಿನಲ್ಲಿ ಹಬ್ಬಕ್ಕೆ ಕೊಟ್ಟ ಅಂಥದೇ ಮಷಿನ್ ಕಪಾಟಿನ ಮೇಲೆ ಡಬ್ಬದಲ್ಲೇ ಕೂತಿತ್ತು. ಭಾನುವಾರ ತಂದುಕೊಟ್ಟು, ಗುಂಡಿ ಒತ್ತುವುದು ತೋರಿಸಿ ಹೋದಳು.

ಲಕ್ಷ್ಮವ್ವನ ಲೆಕ್ಕಾಚಾರ ಸರಳವಾಗಿತ್ತು. ಅಂಗಡಿಯ ಉಪ್ಪಿನಕಾಯಿಯನ್ನು ತೊಳೆದು ಚಪ್ಪೆ ಮಾಡಿದ್ದಕ್ಕೇ ಇಷ್ಟು ಕುಣಿಯುವ ಗಂಡ, ತನ್ನ ಭರಣಿಯ ಹೋಳು ಗರಿಗರಿಯಾಗಿ ಬಂದರೆ ಎದುರುಮನೆಯ ದಾರಿಯನ್ನೇ ಮರೆಯುತ್ತಾನೆ. ಒಂದು ತಿಂದರೆ ಸಾಕು, ಒಂದಕ್ಕೆ ಏನೂ ಆಗುವುದಿಲ್ಲ. ತೊಳೆಯುವ ಮಾತಂತೂ ಇಲ್ಲ. ಜೀವ ಹೋದರೂ ಅವಳು ಆ ಹೋಳಿಗೆ ನೀರು ತಾಗಿಸುವವಳಲ್ಲ.

ಮಂಗಳವಾರ ಮಧ್ಯಾಹ್ನ ಗಂಡ ಕ್ಷೌರಕ್ಕೆ ಹೋದ ಹೊತ್ತು ನೋಡಿ, ಅಟ್ಟದಿಂದ ಭರಣಿ ಇಳಿಸಿದಳು. ಮಸಾಲೆ ಮೆತ್ತಿದ ಹೋಳುಗಳನ್ನು ಹಾಗೇ ಮಷಿನ್‌ನ ಬುಟ್ಟಿಗೆ ತುಂಬಿದಳು. ರುಚಿ ಇನ್ನಷ್ಟು ಏರಲಿ ಎಂದು ಮೇಲೊಂದು ಹಿಡಿ ಖಾರದ ಪುಡಿ ಉದುರಿಸಿದಳು. ವಾಸನೆ ಎದುರುಮನೆಗೆ ಹೋಗಿ ಗುಟ್ಟು ಬಯಲಾದೀತೆಂದು ಕಿಟಕಿ ಭದ್ರವಾಗಿ ಮುಚ್ಚಿದಳು. ಗುಂಡಿಯನ್ನು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ತಿರುಗಿಸಿದಳು.

ಬಾಣಲೆಯಲ್ಲಿ ಒಂದು ಒಣಮೆಣಸಿನಕಾಯಿ ಹೊತ್ತಿದರೆ ಎಂಥ ಘಾಟು ಏಳುತ್ತದೆ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಹಿಡಿ ಹಿಡಿ ಖಾರ, ಅದಕ್ಕೆ ಹಿಂದಿನಿಂದ ಫ್ಯಾನಿನ ಗಾಳಿ. ಐದು ನಿಮಿಷದಲ್ಲಿ ಮಷಿನ್ ಹೊಗೆ ಉಗುಳತೊಡಗಿತು. ಲಕ್ಷ್ಮವ್ವನಿಗೆ ಕಣ್ಣು ಕಾಣದಾಯಿತು, ಗಂಟಲು ಕಟ್ಟಿತು. ತಡಕಾಡಿ ಪ್ಲಗ್ಗು ಕಿತ್ತು, ಕಿಟಕಿ ಮರೆತು, ಬಾಗಿಲು ತೆರೆದಳು. ಒಳಗಿದ್ದ ಘಾಟೆಲ್ಲ ಒಂದೇ ಏಟಿಗೆ ಪ್ಯಾಸೇಜಿಗೆ ನುಗ್ಗಿತು. ಮೇಲಿನ ಮಾಳಿಗೆಯಲ್ಲಿ ಸೀನು, ಕೆಳಗಿನ ಮಾಳಿಗೆಯಲ್ಲಿ ಕೆಮ್ಮು. ಯಾರೋ ಗ್ಯಾಸ್ ಲೀಕ್ ಎಂದು ಕೂಗಿದರು. ಮೂವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತಿದ್ದ ಮೇಲಿನ ಮಾಳಿಗೆಯ ಮಂಗಳೂರಿನ ದೂಜ ಕೂಡ ಬನಿಯನ್ನಿನಲ್ಲೇ ಮೆಟ್ಟಿಲಿಳಿದು ಓಡಿದ.

ಅದೇ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆಯಿತು, ಗುರಲಿಂಗಪ್ಪ ಹೊರಗೆ ಕಾಲಿಟ್ಟ. ಒಂದೇ ಉಸಿರಿಗೆ ಘಾಟು ಎದೆಗಿಳಿದು, ಗೋಡೆ ಹಿಡಿದು ಬಗ್ಗಿ ಕೆಮ್ಮತೊಡಗಿದ, ಒಂದು ಕೈ ಎದೆಯ ಮೇಲೆ. ಲಕ್ಷ್ಮವ್ವ ಕಣ್ಣೊರೆಸಿಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಎದುರುಮನೆಯಿಂದ ಲಾವಣ್ಯಾ ಮೂಗಿಗೆ ಒದ್ದೆ ದುಪಟ್ಟಾ ಕಟ್ಟಿಕೊಂಡು ಓಡಿಬಂದವಳು ಅವನ ರಟ್ಟೆ ಹಿಡಿದು ಮತ್ತೆ ಲಿಫ್ಟಿಗೆ ತಳ್ಳಿ, ತಾನೂ ಹೊಕ್ಕು, ಕೆಳಗಿಳಿಸಿಕೊಂಡು ಹೋದಳು.

ನಾಲ್ಕು ಮಾಳಿಗೆ ಇಳಿದು ಲಕ್ಷ್ಮವ್ವ ಗೇಟಿನ ಹತ್ತಿರ ಬಂದಾಗ ಗುರಲಿಂಗಪ್ಪ ವಾಚ್‌ಮನ್ ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದ. ಕಣ್ಣು ಕೆಂಪಗೆ, ಮೂಗು ಕೆಂಪಗೆ, ಆದರೆ ನಗುತ್ತಿದ್ದ. ಲಾವಣ್ಯಾ ಅವನ ಬೆನ್ನು ಸವರುತ್ತಿದ್ದಳು. ಗಂಡ ಉಳಿದ ಎಂಬ ಸಮಾಧಾನವೂ, ಬೆನ್ನ ಮೇಲಿನ ಆ ಕೈ ತನ್ನದಲ್ಲ ಎಂಬ ಉರಿಯೂ ಅವಳಿಗೆ ಒಟ್ಟಿಗೇ ಬಂದವು. ಯಾವುದಕ್ಕೆ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. ನೋಡಿದವರು ಘಾಟಿಗೆ ಎಂದುಕೊಂಡರು.

ಸಂಜೆ ಐದಕ್ಕೆ ಅವನು ಎಲ್ಲಿಗೂ ಹೋಗಲಿಲ್ಲ. ಕಿಟಕಿಗಳೆಲ್ಲ ತೆರೆದಿದ್ದವು. ಒದ್ದೆ ಬಟ್ಟೆಯಿಂದ ಮಷಿನ್‌ನ ಒಳಗೆ ಹತ್ತಿದ ಕಪ್ಪು ಮಸಾಲೆಯನ್ನು ಒರೆಸುತ್ತ ನೆಲದ ಮೇಲೆ ಕೂತಿದ್ದ. ಲಕ್ಷ್ಮವ್ವ ತಡೆಯದೆ ಕೇಳಿಬಿಟ್ಟಳು:

"ಮೂವತ್ತೊಂಬತ್ತು ವರ್ಷ ನನ್ನ ಕೈಯಾಗ ಉಂಡ್ರಿ. ಈಗ ಅಕಿ ತೊಳದದ್ದು ಭಾಳ ರುಚಿ ಹತ್ತೇತೇನು ನಿಮಗ?"

ಗುರಲಿಂಗಪ್ಪ ಒರೆಸುವುದನ್ನು ನಿಲ್ಲಿಸಲಿಲ್ಲ.

"ರುಚಿ ಎಲ್ಲಿಂದ ಬರಬೇಕು? ಅಕಿದು ಬಜಾರದ್ದು. ತೊಳದ್ರ ಹೋಗಾಕ ಅದರಾಗ ಏನೈತಿ." ತಲೆಯೆತ್ತದೆ ಹೇಳಿದ: "ನೀ ಒಂದ್ ಹನಿ ನೀರು ತಾಗಸದಂಗ ಕಾದದ್ದು. ಅದನ್ನ ತೊಳಿ ಅಂತ ನಾ ಯಾವ ಬಾಯಿಲೆ ಹೇಳ್ಲಿ?"

ಲಕ್ಷ್ಮವ್ವ ಎದ್ದು ಅಡಿಗೆಮನೆಗೆ ಹೋದಳು. ಅಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಭರಣಿಯಿಂದ ಆರೇ ಆರು ಹೋಳು ತೆಗೆದು ಜರಡಿಯಲ್ಲಿ ಹಾಕಿ ನಲ್ಲಿಯ ಮುಂದೆ ನಿಂತಳು. ಕೈ ನಲ್ಲಿಯವರೆಗೆ ಹೋಯಿತು, ವಾಪಸು ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನೊಮ್ಮೆ ಹೋಯಿತು, ಇನ್ನೊಮ್ಮೆ ಬಂತು. ಮೂರನೇ ಸಲ ಮುಖ ಪಕ್ಕಕ್ಕೆ ತಿರುಗಿಸಿ ನಲ್ಲಿ ಬಿಟ್ಟಳು. ಹೋದ ಬೇಸಿಗೆಯಲ್ಲಿ ಮೂರು ದಿನ ಕೂತು ಕುಟ್ಟಿದ ಖಾರ, ಹುರಿದ ಮೆಂತ್ಯ, ಊರಿಂದ ತರಿಸಿದ ಕುಸುಬಿ ಎಣ್ಣೆ, ಎಲ್ಲ ಕೆಂಪಗೆ ಮೋರಿಗೆ ಇಳಿಯಿತು. ಹೋಳನ್ನು ನೆನೆಹಾಕಿ, ಹತ್ತಕ್ಕೊಮ್ಮೆ ನೀರು ಬದಲಿಸಿದಳು, ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ. ಆಮೇಲೆ ಒಂದೊಂದು ಹೋಳನ್ನೂ ಒಣಬಟ್ಟೆಯಲ್ಲಿಟ್ಟು ಒತ್ತಿ ಒತ್ತಿ ಒರೆಸಿದಳು. ಆ ಕೆಲಸ ಅವಳ ಕೈಗೆ ಗೊತ್ತಿತ್ತು. ಬ್ರೆಡ್ಡಿನ ಪುಡಿ ಅವಳ ಮನೆಯಲ್ಲಿಲ್ಲ. ಜೋಳದ ಹಿಟ್ಟಿಗೆ ಚೂರು ಕಡ್ಲೆಹಿಟ್ಟು, ಚಿಟಿಕೆ ಅಜವಾನ ಬೆರೆಸಿ ಹೊರಳಿಸಿದಳು. ಗುಂಡಿಯನ್ನು ಈ ಸಲ ಅರ್ಧಕ್ಕೇ ನಿಲ್ಲಿಸಿ, ಮಷಿನ್‌ನ ಮುಂದಿಂದ ಕದಲದೆ ನಿಂತಳು.

ಐದು ಗಂಟೆಗೆ ಗುರಲಿಂಗಪ್ಪ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ. ಅವಳು ಕಿಟಕಿಯ ಹತ್ತಿರ ತಟ್ಟೆ ಇಟ್ಟಳು. ಅವನು ತಟ್ಟೆಯನ್ನು ನೋಡಿ, ಅವಳ ಮುಖ ನೋಡಿ, ಚಪ್ಪಲಿ ಕಳಚಿ ಬಂದು ಕೂತ. ಒಂದು ತಿಂದ. ಎರಡು. ಮೂರು. ನಾಲ್ಕನೆಯದನ್ನು ಬಹಳ ನಿಧಾನವಾಗಿ ತಿಂದು, ಕೈ ಒರೆಸಿಕೊಂಡ. ತಟ್ಟೆಯಲ್ಲಿ ಎರಡು ಉಳಿದವು.

"ಅಲ್ಲಿ ಆರು ತಿಂತಿದ್ರಲ್ಲ," ಎಂದಳು.

ಬಾಗಿಲ ಸಂದಿಯ ಗುಟ್ಟು ತಾನೇ ಒಡೆದೆನೆಂದು ಆಡಿದ ಮೇಲೆ ಅವಳಿಗೆ ಗೊತ್ತಾಯಿತು. ಗುರಲಿಂಗಪ್ಪ ಅವಳನ್ನೇ ನೋಡಿದ.

"ಅಲ್ಲಿ ಆರು ತಿಂದ್ರೂ ತಿಂದಂಗ ಆಗ್ತಿರಲಿಲ್ಲ," ಎಂದ.

ಸ್ವಲ್ಪ ಹೊತ್ತಿನ ಮೇಲೆ ಲಕ್ಷ್ಮವ್ವ ಉಳಿದ ಎರಡನ್ನು ಬಟ್ಟಲಿಗೆ ಹಾಕಿಕೊಂಡು ಎದುರುಮನೆಗೆ ಹೋದಳು. ಹೋದದ್ದು ಒಳ್ಳೆಯ ಮನಸ್ಸಿನಿಂದ ಎಂದು ನಾನು ಹೇಳುವುದಿಲ್ಲ. ಆ ಹುಡುಗಿ ತಿನ್ನುವಾಗ ಅವಳ ಮುಖ ನೋಡಬೇಕಾಗಿತ್ತು, ಅಷ್ಟೇ. ಲಾವಣ್ಯಾ ಖಾಲಿ ಕುರ್ಚಿಯ ಎದುರು ಒಬ್ಬಳೇ ಕೂತಿದ್ದಳು. ಪಕ್ಕದ ತಟ್ಟೆಯಲ್ಲಿ ಆರು ಹೋಳು ತಣ್ಣಗಾಗಿದ್ದವು.

"ಕಾಕು, ಕಾಕಾ ಇವತ್ತು ಆಯೇ ನಹೀ," ಎಂದಳು. "ನಿನ್ನೆ ನಾನು ಜೋರಾಗಿ ಧಕ್ಕಾ ಕೊಟ್ಟೆ ನಾ, ಗುಸ್ಸಾ, ಸಿಟ್ಟು ಮಾಡ್ಕೊಂಡ್ರಾ?"

ಲಕ್ಷ್ಮವ್ವ ಬಟ್ಟಲನ್ನು ಅವಳ ಕೈಗಿಟ್ಟಳು. ಹುಡುಗಿ ಒಂದು ತಿಂದಳು, ನಿಲ್ಲಿಸಿದಳು, ಇನ್ನೊಂದನ್ನೂ ತಿಂದುಬಿಟ್ಟಳು. ನನ್ನದು ಏನೂ ಅಲ್ಲ ಕಾಕು, ಇದನ್ನು ಕಲಿಸಿಕೊಡಿ ಎಂದು ಕೇಳಿದಳು. ಎರಡು ತಿಂಗಳಿಂದ ಆ ಬಾಯಿಂದ ಕೇಳಬೇಕೆಂದು ಲಕ್ಷ್ಮವ್ವ ಉರಿದುಹೋಗಿದ್ದ ಮಾತು ಅದು.

"ನಾಳಿಂದ ಬರ್ತಾರ," ಎಂದಳು ಲಕ್ಷ್ಮವ್ವ. "ಆದ್ರ ಒಬ್ರ ಬರೂದಿಲ್ಲ, ನಾನೂ ಬರ್ತೀನಿ. ಹೋಳು ನಮ್ಮನಿಯಿಂದ."

ಲಾವಣ್ಯಾ ನಕ್ಕು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ತೊಳೆದು ತಂದ ಬಟ್ಟಲಿನಲ್ಲಿ ಒಂದು ಹಿಡಿ ಸಕ್ಕರೆ ಇತ್ತು.

"ಖಾಲಿ ಕೊಡಬಾರದಂತೆ ನಾ? ಫಸ್ಟ್ ಟೈಮ್ ನೀವು ನನ್ನ ಬೌಲ್‌ನಲ್ಲಿ ಶಕ್ಕರ್ ಹಾಕಿ ಕಳಿಸಿದ್ರಿ, ಅವತ್ತೇ ಕಾಕಾ ಹೇಳಿದ್ರು. ನೀವು ಯಾವತ್ತೂ ಯಾರಿಗೂ ಖಾಲಿ ಬಟ್ಟಲು ಕೊಟ್ಟವರಲ್ಲಂತೆ."

ಲಕ್ಷ್ಮವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದಳು. ಗುರಲಿಂಗಪ್ಪ ಕಿಟಕಿಯ ಹತ್ತಿರ ಕೂತು ಕೆಳಗಿನ ರಸ್ತೆ ನೋಡುತ್ತಿದ್ದ. ಅವಳು ಸಕ್ಕರೆಯನ್ನು ಅಂದು ಮುಚ್ಚಳ ಸರಿದಿದ್ದ ಡಬ್ಬಿಗೇ ಸುರಿದು, ಮುಚ್ಚಳ ಮುಚ್ಚಿ, ಅವನ ಪಕ್ಕದಲ್ಲಿ ಹೋಗಿ ಕೂತಳು.